ಆಮೆಯೋ, ಕ್ವೆಟ್ಸಾಲೋ?

ಕೋಸ್ಟರಿಕಾದ ಕಾಡು ನೋಡಬೇಕು ಅನ್ನುವವರೆಲ್ಲ ಮೊದಲು ಟಿಕೆಟ್ ದರ ಹುಡುಕ್ತಾರೆ. ನನ್ನ ಕೇಳಿದ್ರೆ, ಯಾವ ಪ್ರಾಣಿ ನೋಡಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ. ತಿಂಗಳು ತಾನಾಗೇ ಗೊತ್ತಾಗುತ್ತೆ.

ಟೊರ್ಟುಗೆರೊ ತೀರಕ್ಕೆ ಹಸಿರು ಕಡಲಾಮೆಗಳು ಮೊಟ್ಟೆಯಿಡೋಕೆ ಬರೋದು ಮುಖ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ. ಆ ಊರಿಗೆ ರಸ್ತೆಯೇ ಇಲ್ಲ. ದೋಣಿ, ಇಲ್ಲಾಂದ್ರೆ ಪುಟ್ಟ ವಿಮಾನ. ರಾತ್ರಿ ಗೈಡ್ ಇಲ್ಲದೆ ಮರಳಿಗೆ ಕಾಲಿಡುವಂತಿಲ್ಲ. ಕಡುಬಣ್ಣದ ಬಟ್ಟೆ ಹಾಕ್ಕೋಬೇಕು, ಕ್ಯಾಮೆರಾ, ಮೊಬೈಲ್ ಹೊರತೆಗೆಯೋ ಹಾಗಿಲ್ಲ. ಆಮೆ ಹಿಂಗಾಲಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೋಗೋದನ್ನ ಬರಿಗಣ್ಣಲ್ಲಿ ನೋಡಿ ಬರಬೇಕು, ಅಷ್ಟೇ. ಈ ನಿಯಮ ನನಗಂತೂ ಬಹಳ ಹಿಡಿಸಿತು. (ಹುಲಿ ಕಂಡಾಗ ನಮ್ಮ ಸಫಾರಿ ಜೀಪಲ್ಲಿ ಏಳೋ ಗದ್ದಲ ನೆನಪಿಸಿಕೊಳ್ಳಿ!)

ಕ್ವೆಟ್ಸಾಲ್ ಹಕ್ಕಿ ಬೇಕಂದ್ರೆ ಲೆಕ್ಕವೇ ಬೇರೆ. ಫೆಬ್ರವರಿ ಕಳೆದ ಮೇಲೆ ಸ್ಯಾನ್ ಹೆರಾರ್ಡೊ ಡೆ ಡೋಟಾ ಕಣಿವೆಗೆ ಹೋಗಿ, ಕಾಡು ಬೆಣ್ಣೆಹಣ್ಣಿನ ಮರದ ಕೆಳಗೆ ಬೆಳಗಿನ ಜಾವವೇ ಕಾಯಬೇಕು. ಅದು ಹಣ್ಣನ್ನ ಇಡಿಯಾಗಿ ನುಂಗಿ, ಬೀಜ ಆಮೇಲೆ ಉಗುಳುತ್ತೆ. ಉಷ್ಣವಲಯ ಅಂತ ಸ್ವೆಟರ್ ಬಿಟ್ಟು ಹೋದೀರಿ, ಜೋಕೆ. ಅಲ್ಲಿನ ಎತ್ತರ 2000 ಮೀಟರ್‌ಗೂ ಜಾಸ್ತಿ.

ಎರಡನ್ನೂ ಒಂದೇ ವಾರದಲ್ಲಿ ತುರುಕೋ ಪ್ಯಾಕೇಜ್‌ಗಳೂ ಸಿಗುತ್ತವೆ. ಅವುಗಳಲ್ಲಿ ಸಿಗೋದು ಹೆಚ್ಚಾಗಿ ವ್ಯಾನಿನ ಕಿಟಕಿ.