ಬೀಳದ ಸ್ಕೈಲ್ಯಾಬ್, ನೋಡದ ಗ್ರಹಣ

ಪಾರ್ಕಿನ ಕಲ್ಲುಬೆಂಚಿನ ಹಿರಿಯರು ಹೊಸಬರ ವಯಸ್ಸನ್ನು ನೇರವಾಗಿ ಕೇಳುವುದಿಲ್ಲ. ‘ಅಣ್ಣಾವ್ರನ್ನ ವೀರಪ್ಪನ್ ಹೊತ್ಕೊಂಡು ಹೋದಾಗ ಎಲ್ಲಿದ್ರಿ?’ ಎನ್ನುತ್ತಾರೆ. ಈ ಬೆಳಿಗ್ಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಹುಡುಗನೊಬ್ಬ ‘ನಾನಿನ್ನೂ ಹುಟ್ಟಿರ್ಲಿಲ್ಲ ಅಂಕಲ್’ ಅಂದುಬಿಟ್ಟ. 2000ನೇ ಇಸವಿಯ ಆ 108 ದಿನಗಳನ್ನು ಟೀವಿ ಮುಂದೆ ಕಳೆದವರಿಗೆ ಇದು ತೀರಾ ಬೇಜವಾಬ್ದಾರಿಯ ಉತ್ತರವಾಗಿ ಕಂಡಿತು.

ಹುಟ್ಟಿದ ವರ್ಷವೊಂದರಿಂದಲೇ ತಲೆಮಾರು ಆಗುವುದಿಲ್ಲ, ಎಳೆವಯಸ್ಸಿನಲ್ಲಿ ಜತೆಯಾಗಿ ಹಾದುಬಂದ ಘಟನೆಗಳೂ ಬೇಕು ಎಂದು ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ವಾದಿಸಿದ್ದ. ಗಾಂಧೀಜಿ ಹತ್ಯೆ, ತುರ್ತುಪರಿಸ್ಥಿತಿ, 1983ರ ವಿಶ್ವಕಪ್: ಪಟ್ಟಿ ಎಲ್ಲರಿಗೂ ಬಾಯಿಪಾಠ. ಅದಿರಲಿ. ಸ್ಕೈಲ್ಯಾಬನ್ನು ಮಾತ್ರ ಯಾರೂ ಯಾಕೆ ಸೇರಿಸುವುದಿಲ್ಲ?

1979ರ ಜುಲೈ. ಸೂರ್ಯನ ಅಬ್ಬರಕ್ಕೆ ಮೇಲಿನ ವಾತಾವರಣ ಉಬ್ಬಿ, ಸುಮಾರು 77 ಟನ್ನಿನ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಲೆಕ್ಕಕ್ಕಿಂತ ಮೊದಲೇ ಕೆಳಗಿಳಿಯುತ್ತಿತ್ತು. ಎಲ್ಲಿ ಬೀಳುತ್ತದೆಂದು ನಾಸಾಕ್ಕೇ ಖಚಿತವಿರಲಿಲ್ಲ. ಹಳ್ಳಿಯ ಜಗಲಿಗಳಿಗೆ ಖಚಿತವಿತ್ತು: ನಮ್ಮೂರ ಮೇಲೇ! ಹೇಗೂ ಸಾಯುವುದು, ಹುಂಜವನ್ನೇಕೆ ಉಳಿಸಬೇಕೆಂದು ಸಾರು ಮಾಡಿ ಉಂಡವರ ಕತೆಗಳು ಇವತ್ತಿಗೂ ಸಿಗುತ್ತವೆ. ಜುಲೈ 11ರಂದು ಅದು ಚೂರುಚೂರಾಗಿ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಕ್ಕೂ ಬಿತ್ತು. ಅಲ್ಲಿನ ಎಸ್ಪರೆನ್ಸ್ ಎಂಬ ಊರಿನ ಸ್ಥಳೀಯಾಡಳಿತ, ಕಸ ಚೆಲ್ಲಿದ ತಪ್ಪಿಗೆ ನಾಸಾಕ್ಕೆ 400 ಡಾಲರ್ ದಂಡ ಜಡಿಯಿತು. 2009ರಲ್ಲಿ ಅಮೆರಿಕದ ರೇಡಿಯೊ ನಿರೂಪಕನೊಬ್ಬ ಕೇಳುಗರಿಂದ ಚಂದಾ ಎತ್ತಿ ಅದನ್ನು ಕಟ್ಟಿದ.

ನಮ್ಮ ಹುಂಜಗಳ ಪರಿಹಾರ ಯಾರೂ ಕೇಳಲಿಲ್ಲ.

ಬೀಳದೇ ಹೋದದ್ದನ್ನು ನೆನೆಯುವ ಈ ತಲೆಮಾರಿಗೆ ಮರುವರ್ಷ ನೋಡದೇ ಹೋದದ್ದೊಂದು ಕೂಡಿಕೊಂಡಿತು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾದಿಂದ ರಾಯಚೂರಿನ ಕಡೆಗೆ ರಾಜ್ಯವನ್ನು ಹಾದುಹೋಯಿತು. ದೂರದೂರದಿಂದ ಖಗೋಳ ವಿಜ್ಞಾನಿಗಳು ದೂರದರ್ಶಕ ಹೊತ್ತು ಬಂದರು; ಊರಿನವರಲ್ಲಿ ಬಹಳ ಮಂದಿ ಬಾಗಿಲು, ಕಿಟಕಿ ಹಾಕಿಕೊಂಡು ಒಳಗೆ ಕೂತರು. ಅಂದು ಮಕ್ಕಳಾಗಿದ್ದವರನ್ನು ಕೇಳಿ ನೋಡಿ. ಹಾಡುಹಗಲಿನ ಕತ್ತಲೆ ಹೇಗಿತ್ತೆಂದು ಹೇಳಲಾರರು, ಹೊಸ್ತಿಲಲ್ಲಿ ತಡೆದ ಅಜ್ಜಿಯ ಬೈಗುಳವನ್ನು ಅಕ್ಷರ ಬಿಡದೆ ಒಪ್ಪಿಸುತ್ತಾರೆ.

2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣವಾದಾಗ ಇವರಲ್ಲೇ ಕೆಲವರು ಮೊಮ್ಮಕ್ಕಳ ಜತೆ ಗ್ರಹಣದ ಕನ್ನಡಕ ಹಾಕಿಕೊಂಡು ತಾರಸಿ ಹತ್ತಿದ್ದುಂಟು. ಕೆಳಗೆ ಅಡುಗೆಮನೆಯಲ್ಲಿ ಮಾತ್ರ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಕೂತೇ ಇತ್ತು. ಈ ದರ್ಭೆಯದೂ ಒಂದು ಇತ್ಯರ್ಥವಾಗದ ವ್ಯಾಜ್ಯ: ಫ್ರಿಜ್ಜಿನೊಳಗಿನ ಮೊಸರು, ಹಾಲು, ದೋಸೆಹಿಟ್ಟಿಗೆಲ್ಲ ಒಂದೊಂದು ಎಳೆ ಇಡಬೇಕೋ, ಫ್ರಿಜ್ಜಿನ ನೆತ್ತಿಯ ಮೇಲೆ ಒಂದೇ ಒಂದು ಇಟ್ಟರೆ ಸಾಕೋ?