ಸಾಲಮಾಂಕಾದಲ್ಲಿ ಮೊದಲ ನಾಲ್ಕು ದಿನ

ಅಂಕಲಿಯ ಕೃಷ್ಣಾತೀರದ ವಿದ್ಯಾರ್ಥಿಯೊಬ್ಬನು ಸ್ಪೇನ್ ದೇಶದ ಸಾಲಮಾಂಕಾ ನಗರಕ್ಕೆ ಓದಲೆಂದು ಬಂದಿಳಿದನೆನ್ನಿ. ಅಲ್ಲಿಯೂ ಹೊಳೆಯುಂಟು, ಹೆಸರು ತೋರ್ಮೆಸ್. ಅದರ ಮೇಲೆ ರೋಮನರ ಕಾಲದ ಕಮಾನುಗಳುಳ್ಳ ಕಲ್ಲಿನ ಸೇತುವೆ. ಆಚೆಗೆ 1218ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯದ ಹೊಂಬಣ್ಣದ ಗೋಡೆಗಳು. ಮುಂಬಾಗಿಲ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಕಪ್ಪೆಯೊಂದಿದೆ. ಅದನ್ನು ಪರರ ನೆರವಿಲ್ಲದೆ ಕಂಡುಹಿಡಿದವನು ಪರೀಕ್ಷೆಯಲ್ಲಿ ತೇರ್ಗಡೆಯಾಗುವನೆಂದು ಪ್ರತೀತಿ.

ಕಪ್ಪೆ ಸಿಕ್ಕೀತು, ಸಸ್ಯಾಹಾರಿಗೆ ಊಟ ಸಿಗುವುದು ಕಷ್ಟ. ಮಧ್ಯಾಹ್ನದ ಊಟಕ್ಕೆ ಎರಡು ಗಂಟೆ ಕಳೆಯಬೇಕು, ರಾತ್ರಿಯದಕ್ಕೆ ಒಂಬತ್ತು. ‘ಕಾರ್ನೆ’, ಎಂದರೆ ಮಾಂಸ, ಬೇಡವೆಂದು ತಿಳಿಸಿ ತರಿಸಿಕೊಂಡ ಹಸಿತರಕಾರಿಯ ತಟ್ಟೆಯಲ್ಲಿ ಮೀನಿನ ಚೂರುಗಳು! ಅಲ್ಲಿಯವರ ಮಾತಿನಲ್ಲಿ ಮೀನು ‘ಕಾರ್ನೆ’ಯಲ್ಲ. ವಾದಿಸಲು ಬಾಯಿ ತೆರೆದರೆ ಶಬ್ದವೇ ಇಲ್ಲ. ಊರಿನ ಶಾಲೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ಮೂರು ದಿನ ಮೂಕನಾಗಿ, ಕೋಣೆಯಲ್ಲಿ ಬ್ರೆಡ್ಡು ತಿಂದು ಮಲಗುವನು.

ಆದರೂ ಅವನ ನಾಲಗೆ ಬರಿದಲ್ಲ. ಸ್ಪ್ಯಾನಿಷಿನ ತಕಾರ ದಕಾರಗಳು ಕನ್ನಡದವುಗಳಂತೆಯೇ ಹಲ್ಲನ್ನು ತಾಗುವವು. ಇಂಗ್ಲಿಷರು ಇಲ್ಲಿಯೇ ಎಡವುವರು. ತೊಡಕಿರುವುದು ರಕಾರದಲ್ಲಿ. ‘ಪೆರೊ’ ಎಂದರೆ ‘ಆದರೆ’; ಆ ರಕಾರವನ್ನೇ ಒತ್ತಿ ಉರುಳಿಸಿದರೆ ನಾಯಿ! ಕನ್ನಡವು ಹಿಂದೆಯೇ ಕೈಬಿಟ್ಟ ಶಕಟರೇಫದ ನೆನಪಾಗದಿರದು. ನೆಬ್ರಿಹಾನ ಸ್ಪ್ಯಾನಿಷ್ ವ್ಯಾಕರಣ ಇದೇ ಊರಿನಲ್ಲಿ 1492ರಲ್ಲಿ ಅಚ್ಚಾಯಿತು. ಕೇಶಿರಾಜನ ಶಬ್ದಮಣಿದರ್ಪಣ ಅದಕ್ಕಿಂತ ಎರಡು ಶತಮಾನಕ್ಕೂ ಹಳೆಯದೆಂಬ ಅಭಿಮಾನವು ಹಸಿವನ್ನೇನೂ ನೀಗಿಸದು.

ನೀಗಿಸುವುದು ಗಡಿನಾಡಿನ ಸಂತೆಯ ಪಾಠ. ಕನ್ನಡ ಮರಾಠಿಗಳು ಬೆರೆಯುವ ಆ ಸೀಮೆಯಲ್ಲಿ ವ್ಯಾಕರಣ ಕಲಿತು ಬದನೆಕಾಯಿ ಕೊಂಡವರಾರು? ನಾಲ್ಕನೆಯ ದಿನ ಅವನು ನಾಚಿಕೆ ಬಿಟ್ಟು ‘ಸಿನ್ ಅತೂನ್’, ಆ ಮೀನು ಬೇಡ, ಎನ್ನುವನು. ಬಡಿಸುವವನು ನಕ್ಕು ತಲೆದೂಗುವನು. ತಟ್ಟೆ ಬರುವುದು, ಮೀನಿಲ್ಲ. ನಡುವೆ ಬೇಯಿಸಿದ ಮೊಟ್ಟೆಯೊಂದು ಬೆಳ್ಳಗೆ ಕುಳಿತಿರುವುದು.