ಯೆಲ್ಲೋಸ್ಟೋನ್‌ನಲ್ಲಿ ಕಲ್ಲು ಕಟ್ಟುವ ಜೀವಿಗಳು

ಅಮೆರಿಕದ ಯೆಲ್ಲೋಸ್ಟೋನ್ ಅಂದರೆ ಎಲ್ಲರಿಗೂ ನೆನಪಾಗೋದು ಆಕಾಶಕ್ಕೆ ಬಿಸಿನೀರು ಚಿಮ್ಮಿಸುವ ಓಲ್ಡ್ ಫೇತ್‌ಫುಲ್. ಆದರೆ 1872ರಲ್ಲೇ ರಾಷ್ಟ್ರೀಯ ಉದ್ಯಾನವಾದ ಈ ಜಾಗದ ಉತ್ತರ ಭಾಗದಲ್ಲಿ ಇನ್ನೊಂದು ವಿಸ್ಮಯ ಇದೆ, ಮ್ಯಾಮತ್ ಹಾಟ್ ಸ್ಪ್ರಿಂಗ್ಸ್. ಅಪ್ಪ ಅಮ್ಮನ ಜೊತೆ ಹೋದಾಗ ನಾವು ಹೆಚ್ಚು ಹೊತ್ತು ನಿಂತಿದ್ದು ಇಲ್ಲೇ.

ದೂರದಿಂದ ಬೆಟ್ಟದ ಮೇಲಿನ ಮೆಟ್ಟಿಲು ಗದ್ದೆಗಳ ಹಾಗೆ ಕಾಣುತ್ತೆ. ಹತ್ತಿರ ಹೋದರೆ ಸುಣ್ಣ ಬಳಿದಂಥ ಬಿಳಿ ಕಲ್ಲು, ಅದರ ಮೇಲೆ ತೆಳ್ಳಗೆ ಹರಿಯುವ ಬಿಸಿನೀರು, ಅಲ್ಲಲ್ಲಿ ಕಿತ್ತಳೆ, ಕಂದು, ಹಸಿರು ಪಟ್ಟೆಗಳು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ! “ಇದಕ್ಕೆ ಯಾರೋ ಬಣ್ಣ ಬಳಿದ ಹಾಗಿದೆಯಲ್ಲೋ” ಅಂದ್ರು ಅಮ್ಮ.

ಆ ಬಣ್ಣ ಬಿಸಿನೀರಲ್ಲೇ ಬದುಕುವ ಸೂಕ್ಷ್ಮಜೀವಿಗಳದ್ದು. ನೆಲದಡಿಯ ಬಿಸಿನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಮೇಲೆ ಬರುತ್ತೆ. ಹೊರಗೆ ಬಂದ ಕೂಡಲೇ, ಸೋಡಾ ಬಾಟಲಿ ತೆರೆದಾಗ ಆಗುವಂತೆ, ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತೆ. ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೂರುತ್ತೆ. ಇದೇ ಟ್ರಾವರ್ಟೈನ್.

ಇಷ್ಟೇ ಆಗಿದ್ದರೆ ಬರೀ ರಸಾಯನಶಾಸ್ತ್ರ. ಆದರೆ ಬುಗ್ಗೆಯ ಬಾಯಿಯ ಹತ್ತಿರ, ಸುಮಾರು 70 ಡಿಗ್ರಿ ಸೆಲ್ಸಿಯಸ್ ನೀರಲ್ಲಿ, ಸಲ್ಫರಿಹೈಡ್ರೋಜೆನಿಬಿಯಮ್ ಎಂಬ ಬ್ಯಾಕ್ಟೀರಿಯಾ ಶಾವಿಗೆ ಎಳೆಗಳಂತೆ ಓಲಾಡುತ್ತಿರುತ್ತೆ. ನೀರಲ್ಲಿರುವ ಗಂಧಕದ ಅಂಶದಿಂದಲೇ ಅದಕ್ಕೆ ಶಕ್ತಿ. ದಾರದ ಸುತ್ತ ಕಲ್ಲುಸಕ್ಕರೆ ಹರಳು ಕಟ್ಟುವ ಹಾಗೆ ಈ ಎಳೆಗಳ ಮೇಲೆ ಸುಣ್ಣದ ಹರಳು ಬೇಗ ಬೇಗ ಕಟ್ಟುತ್ತೆ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಬುಗ್ಗೆಯ ನೀರನ್ನು ಸೋಸಿ, ಜೀವಿಗಳನ್ನು ತೆಗೆದು ನೋಡಿದಾಗ ಕಲ್ಲು ಕಟ್ಟುವ ವೇಗವೇ ಇಳಿದಿತ್ತು!

ನೀರು ದಾರಿ ಬದಲಿಸಿದರೆ ಜೀವಿಗಳು ಸಾಯುತ್ತವೆ, ಮೆಟ್ಟಿಲು ಬೂದು ಬಣ್ಣಕ್ಕೆ ತಿರುಗುತ್ತೆ. ಆದರೂ ಎಳೆಗಳ ಅಚ್ಚು ಕಲ್ಲಿನಲ್ಲಿ ಉಳಿಯುತ್ತೆ. ಮಂಗಳ ಗ್ರಹದಲ್ಲಿ ಜೀವದ ಗುರುತು ಹುಡುಕುವವರೂ ಇಂಥ ಕಲ್ಲುಗಳನ್ನು ಓದುವುದು ಅದಕ್ಕೇ.

ಪುತ್ತೂರಿನ ಬೆಂದ್ರು ತೀರ್ಥ ನೋಡಿದ್ದ ಅಪ್ಪನಿಗೆ ಇಲ್ಲೂ ನೀರು ಮುಟ್ಟುವ ಆಸೆ. ಆದರೆ ಮರದ ಕಾಲುದಾರಿ ಬಿಟ್ಟು ಇಳಿಯುವಂತಿಲ್ಲ. ತೆಳು ಪದರ ಕುಸಿದರೆ ಕೆಳಗೆ ಸುಡುವ ನೀರು; ಯೆಲ್ಲೋಸ್ಟೋನ್‌ನ ಬುಗ್ಗೆಗಳಲ್ಲಿ ಬಿದ್ದು ಸತ್ತವರೂ ಇದ್ದಾರೆ. ದೇವರ ಮನೆಗೆ ಒಂದು ಚೂರು ಕಲ್ಲು ತಗೋಬಹುದಾ ಅಂತ ಅಮ್ಮ ಕೇಳಿದ್ರು.

“ಬೇಡಮ್ಮ, ಇದನ್ನ ಇನ್ನೂ ಕಟ್ತಾ ಇದ್ದಾರೆ” ಅಂದೆ.

ಅಮ್ಮ ದೂರದಿಂದಲೇ ಕೈ ಮುಗಿದರು. ನೀವು ಹೋದರೂ ಹಾಗೇ ಮಾಡಿ. ನೋಡಿ ಬನ್ನಿ, ತುಳಿಯಬೇಡಿ.